ಬಿದ್ದ ಸವಾರ

ಟೋಲ್‌ಮನ್ ಮನೆಯವರು ದನಕರು, ಹುಲ್ಲುಗಾವಲು ಎಲ್ಲ ಮಾರಿ ಹೊರಟಾಗ ಅವರ ದನಗಾಹಿ ವೆಂಡಲ್ ಸ್ಟೋಕರ್‌ಗೆ ಐವತ್ತು ದಾಟಿತ್ತು. ಕುದುರೆ ಮೇಲೆ ಕೂತು ದನ ಕಾಯುವುದು ಬಿಟ್ಟರೆ ಅವನಿಗೆ ಬೇರೆ ಕಸುಬು ಬಾರದು. ಹೋಗುವ ಮುನ್ನ ಧಣಿ ತನ್ನ ಕುದುರೆ ಡೋವಿಯ ಲಗಾಮನ್ನು ಅವನ ಕೈಗಿತ್ತ. ಆ ಹೆಣ್ಣುಕುದುರೆಯನ್ನು ತಾಯಿಯ ಹೊಟ್ಟೆಯಿಂದ ಎಳೆದು ತೆಗೆದವನೇ ವೆಂಡಲ್.

ಆ ಬೇಸಿಗೆಯಲ್ಲಿ ಯೂಟಾದ ಕೆಂಪು ಬಂಡೆಗಳ ನಡುವೆ ಸಿನಿಮಾದವರು ಬಂದಿಳಿದರು. ಕೆಲಸ ಕಳೆದುಕೊಂಡ ದನಗಾಹಿಗಳು ದರೋಡೆಗಿಳಿಯುವ ಕಥೆ. ಸವಾರರು ಬೇಕೆಂದಾಗ ವೆಂಡಲ್ ಡೋವಿಯನ್ನೇರಿ ಹೋದ. ಅವನ ಹಳೆಯ ಜೊತೆಗಾರ ಆರ್ಲೋ ಆಗಲೇ ಅಲ್ಲಿ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿ ನಿಂತಿದ್ದ.

"ಬಾರಪ್ಪಾ, ಬಾ! ಒಂದು ಭಾನುವಾರಾನೂ ಚರ್ಚ್ ತಪ್ಪಿಸದ ಮಹಾನುಭಾವ, ಕೊನೆಗೂ ಕಳ್ಳರ ಗುಂಪು ಸೇರಿದ್ಯಾ?"

"ಕಳ್ಳರಿಗೆ ಮಧ್ಯಾಹ್ನ ಬಿಸಿ ಊಟ ಹಾಕ್ತಾರಂತಲ್ಲೋ. ಸಾಚಾ ಆಗಿದ್ದಾಗ ಯಾರು ಹಾಕಿದ್ರು?"

ಗುಂಡು ತಗುಲಿ ಕುದುರೆ ಮುಗ್ಗರಿಸುವ ದೃಶ್ಯವೊಂದಿತ್ತು. ಅದಕ್ಕಾಗಿ ನಿರ್ದೇಶಕರ ಆಳುಗಳು ದಾರಿಗಡ್ಡವಾಗಿ ತಂತಿ ಎಳೆಯತೊಡಗಿದರು.

"ಸಾರ್, ತಂತಿ ಬೇಡ. ಬೀಳೋದು ಹೇಗೇಂತ ನಾನೇ ನನ್ನ ಕುದುರೆಗೆ ಕಲಿಸ್ತೀನಿ. ಸ್ವಲ್ಪ ಟೈಮ್ ಕೊಡಿ."

"ಟೈಮ್ ಎಲ್ಲಿದೆ ಯಜಮಾನ? ಬಿಸಿಲು ಹೋಗ್ತಿದೆ. ಆಗಲ್ಲ ಅಂದ್ರೆ ಹೇಳು, ಬೇರೆಯವರಿದ್ದಾರೆ."

ವೆಂಡಲ್ ಜೀನು ಬಿಗಿದ.

ಡೋವಿಯ ಮುಂಗಾಲೆರಡೂ ಮುರಿದವು. ವೆಂಡಲ್‌ನ ಸೊಂಟದ ಮೂಳೆ ಒಡೆಯಿತು. ಬಿದ್ದಲ್ಲಿಂದಲೇ ಅವನು ಬಂದೂಕು ಕೊಡಿ ಎಂದು ಕೂಗಿದ. ಅಲ್ಲಿ ಎಲ್ಲರ ಸೊಂಟದಲ್ಲೂ ಪಿಸ್ತೂಲಿತ್ತು. ಒಂದರಲ್ಲೂ ನಿಜವಾದ ಗುಂಡಿರಲಿಲ್ಲ. ಆರ್ಲೋ ದೂರದಲ್ಲಿದ್ದ ತನ್ನ ಲಾರಿಗೆ ಓಡಿ ಕೋವಿ ತರುವತನಕ ಡೋವಿ ಏಳಲು ನೋಡುತ್ತಲೇ ಇತ್ತು. ಗುಂಡು ಹೊಡೆದವನು ವೆಂಡಲ್.

ಚಳಿಗಾಲಕ್ಕೆ ಸಿನಿಮಾ ಊರಿನ ಟಾಕೀಸಿಗೆ ಬಂತು. ಅವನು ಕೋಲೂರಿಕೊಂಡು ಹೆಂಡತಿ ವರ್ಲಾಳೊಂದಿಗೆ ಹೋದ. ತಲೆಬುಡವಿಲ್ಲದ ಸಿನಿಮಾ, ಒಂದು ಗಳಿಗೆ ಹೆಣ ಬೀಳುತ್ತಿತ್ತು, ಮರುಗಳಿಗೆ ಕೋಡಂಗಿ ಕುಣಿತ. ಡೋವಿ ಬಿದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಅದರ ಬೆನ್ನಿಗೇ ನಾಯಕ ಚಡ್ಡಿಯಲ್ಲಿ ಕೋಳಿಗೂಡಿನಿಂದ ಹೊರಗೋಡಿದ. ಟಾಕೀಸಿಗೆ ಟಾಕೀಸೇ ಬಿದ್ದುಬಿದ್ದು ನಕ್ಕಿತು.

"ನೀನ್ ಯಾವಾಗ ಬರ್ತೀಯ?" ವರ್ಲಾ ಕೇಳಿದಳು.

"ಬಂದಾಯ್ತು. ಕುದುರೆಯಿಂದ ಬಿದ್ದನಲ್ಲ, ಅವ್ನು."

"ಎಲ್ರೂ ಬಿದ್ರಲ್ಲೋ! ಮುಖಾನೇ ಕಾಣ್ಲಿಲ್ಲ."

ಅವನು ಕೊನೆಯವರೆಗೂ ಕೂತ, ಎದ್ದುಹೋಗಬೇಕೆಂದರೆ ಸಾಲಿನಲ್ಲಿದ್ದವರೆಲ್ಲ ಕಾಲು ಮಡಚಿ ದಾರಿ ಬಿಡಬೇಕಾಗಿತ್ತು.

ಸೊಂಟ ಸರಿಹೋಗಲೇ ಇಲ್ಲ. ವರ್ಲಾ ಹೆದ್ದಾರಿಯ ವಸತಿಗೃಹದಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಮುಂದಿನ ಬೇಸಿಗೆಗೆ ಇನ್ನೊಂದು ಸಿನಿಮಾ ತಂಡ ಬಂತು. ಆರ್ಲೋ ಬಾಗಿಲಲ್ಲಿ ನಿಂತು, ಟೋಪಿ ತಿರುಗಿಸುತ್ತಾ ಹೇಳಿದ: "ಬೇಜಾರ್ ಮಾಡ್ಕೋಬೇಡ ಕಣೋ. ಸಿನಿಮಾದಲ್ಲಿ ಸಾರಾಯಿ ಅಂಗಡಿ ಮುಂದೆ ಕೂರೋಕೆ ಒಬ್ಬ ಕುಂಟ ಬೇಕಂತೆ."

ವೆಂಡಲ್ ಶೂ ಹಾಕಿಕೊಡಲು ವರ್ಲಾಳನ್ನು ಕರೆದ.