ದೊಡ್ಡಪ್ಪ, ಬಳಸಿ ನಡೆಯುವ ಕುದುರೆ

ದೊಡ್ಡಪ್ಪನ ಎಡಗಿವಿಗೆ ಮೇಲಿನ ಅರ್ಧ ಇರಲಿಲ್ಲ. ಹರೆಯದಲ್ಲಿ ಯಾವುದೋ ಕುದುರೆ ಕಚ್ಚಿ ಕಿತ್ತುಕೊಂಡಿತ್ತಂತೆ. "ಈ ಕಿವೀಲಿ ಕುದುರೆ ಮಾತು ಮಾತ್ರ ಕೇಳಿಸ್ತದೆ ಕಣಮ್ಮ, ನಿಂದು ಈ ಕಡೆ ಬಂದು ಹೇಳು" ಎಂದು ಬಲಗಿವಿ ತೋರಿಸುತ್ತಿದ್ದರು. ನನ್ನ ಬಾಯಿಯೋ ಊರಿಗೇ ಕೇಳಿಸುವಂಥದ್ದು. ಆದರೂ ನನ್ನನ್ನು ಹಾಗೆ ಸುತ್ತು ಹಾಕಿಸುವುದೆಂದರೆ ಅವರಿಗೆ ಖುಷಿ.

ಟೇಕಲ್ ಬೆಟ್ಟ ಎದುರಿಗೇ ಕಾಣುವ ಹೊಲ. ಈ ಕಡೆ ನಮ್ಮ ಹಿಪ್ಪುನೇರಳೆ, ಆ ಕಡೆ ಅವರ ರಾಗಿ ಮತ್ತು ಕುದುರೆ ಲಾಯ. ನಡುವೆ ಬೇಲಿ ಇಲ್ಲ. ಮದುವೆ ಮೆರವಣಿಗೆಗಳಿಗೆ ಕುದುರೆ ಕಳಿಸುವುದು ಅವರ ಉಪಕಸುಬು. ದೊಡ್ಡಮ್ಮ ಹೋದ ಮೇಲೆ ಊಟ ನಮ್ಮ ಮನೆಯಲ್ಲಿ. ಲಾಯದ ಲದ್ದಿಯೆಲ್ಲ ನನ್ನ ಗಿಡಗಳಿಗೆ. ನಮ್ಮ ಹತ್ತಿರ ಕನ್ನಡ ಆಡುವ ಮನುಷ್ಯ, ಕುದುರೆಯ ಹತ್ತಿರ ಮಾತ್ರ ತೆಲುಗು. "ರಾ ತಲ್ಲೀ, ರಾ" ಎಂದರೆ ಸಾಕು, ಆ ಬಿಳಿ ಹೆಣ್ಣುಕುದುರೆ ಎಲ್ಲಿದ್ದರೂ ಬಂದು ಅವರ ಹೆಗಲ ಮೇಲೆ ಮೂತಿ ಇಡುತ್ತಿದ್ದಳು.

"ಬಾರಮ್ಮ ಅಂದ್ರೆ ಬರಲ್ವಾ ನಿಮ್ಮ ಮಹಾರಾಣಿ?" ಎಂದು ರೇಗಿಸಿದರೆ, "ಗೌನಿಪಲ್ಲಿ ಕಡೆಯವಳು ಕಣೇ, ಅತ್ತೆಮನೆ ಭಾಷೆ ಇನ್ನೂ ಬಂದಿಲ್ಲ" ಎನ್ನುತ್ತಿದ್ದರು.

ಕುದುರೆ ಕೊಳ್ಳುವವರು ಮೊದಲು ನೋಡುವುದು ಸುಳಿಯನ್ನು, ಮೈಕೂದಲು ಎಲ್ಲೆಲ್ಲಿ ಸುತ್ತಿಕೊಂಡು ಬಿದ್ದಿದೆ ಎಂಬುದನ್ನು. ಇವಳ ಎದೆಯ ಸುಳಿ ಮನೆಗೆ ಆಗಿಬರುವುದಿಲ್ಲ ಎಂದು ನೋಡಿದವರೆಲ್ಲ ಬಿಟ್ಟುಹೋಗಿದ್ದರಂತೆ. ದೊಡ್ಡಪ್ಪ ಹಿಡಿದುಕೊಂಡು ಬಂದರು. ಲಾಯದ ಮುಂದೆ ಹಿಂದೊಂದು ಬಾವಿ ಇತ್ತು. ಅವರ ಮೊದಲಿನ ಕುದುರೆ ಅದರಲ್ಲಿ ಬಿದ್ದು ಸತ್ತ ಮೇಲೆ ಮುಚ್ಚಿಸಿ, ಬೋರ್‌ವೆಲ್ ಹಾಕಿಸಿದ್ದರು. ಹುಲ್ಲು ಬೆಳೆದು ಗುರುತೂ ಉಳಿದಿರಲಿಲ್ಲ. ಹೊಸಬಳು ಬಂದ ದಿನ ಅಲ್ಲಿಗೆ ಬಂದು ನಿಂತಳು. ಆಮೇಲೆ, ಇಲ್ಲದ ಕಟ್ಟೆಯನ್ನು ಬಳಸಿಕೊಂಡು, ದುಂಡಗೆ ಸುತ್ತಿ ಆಚೆ ಹೋದಳು. ದೊಡ್ಡಪ್ಪ ಹಗ್ಗ ಹಿಡಿದು ಅದೇ ಸುತ್ತಿನಲ್ಲಿ ಅವಳ ಹಿಂದೆ ನಡೆದರು. ಅವತ್ತಿನಿಂದ ನಾವೂ ಹಾಗೇ ಬಳಸಿಯೇ ಓಡಾಡಿದೆವು.

ಆಮೇಲೆ ನಮ್ಮ ಎತ್ತಿನ ಸರದಿ ಬಂತು. ಅದಕ್ಕೆ ಮೈ ಉಜ್ಜಿಕೊಂಡೇ ಲಾಯಕ್ಕೆ ಹೋಗುತ್ತಿದ್ದವಳು ಒಂದು ಸಂಜೆ ದೂರವೇ ನಿಂತು, ಬಾವಿಯನ್ನು ಬಳಸುವಂತೆ ಅದನ್ನೂ ಬಳಸಿ ಹೋದಳು. ಎತ್ತು ಚೆನ್ನಾಗಿಯೇ ಮೇಯುತ್ತಿತ್ತು. ಬೆಳಗ್ಗೆ ನೋಡಿದರೆ ಕಾಲು ಚಾಚಿ ಬಿದ್ದಿತ್ತು.

ಅವಳನ್ನು ಮದುವೆಗಳಿಗೆ ಕಳಿಸುವುದನ್ನು ದೊಡ್ಡಪ್ಪ ನಿಲ್ಲಿಸಿದ್ದು ಆಗಲೇ. "ಯಾಕೆ ದೊಡ್ಡಪ್ಪ?" ಎಂದೆ.

"ಮದುವೆ ಗಂಡನ್ನ ಬಳಸ್ಕೊಂಡು ಹೋದ್ರೆ ಅವರಮ್ಮಂಗೆ ಏನ್ ಹೇಳ್ಲಿ?"

ಮಾರಿಬಿಡಿ, ಅದು ಶನಿ ಎಂದು ಊರವರು ಪಟ್ಟು ಹಿಡಿದರು. ನಾನೂ ಹೇಳಿದೆ, ಜೋರಾಗಿಯೇ.

"ಅವಳು ಯಾರನ್ನೂ ತಳ್ಳಲ್ಲ ಕಣಮ್ಮ" ಎಂದರು. "ದಾರಿ ಬಿಡ್ತಾಳೆ, ಅಷ್ಟೆ."

ಕಳೆದ ಸುಗ್ಗಿ ಮುಗಿದ ಮೇಲೆ, ಒಂದು ಬೆಳಗ್ಗೆ. ಹೊಂಗೆ ಮರದ ಕೆಳಗೆ ತಮ್ಮ ಕಲ್ಲಿನ ಮೇಲೆ ಕೂತು ದೊಡ್ಡಪ್ಪ ಕರೆದರು, "ರಾ ತಲ್ಲೀ, ರಾ." ನಾನು ನೆನೆಸಿದ ಹುರುಳಿಯ ಬಕೆಟ್ ಹಿಡಿದು ಪಕ್ಕದಲ್ಲೇ ಇದ್ದೆ. ಅವಳು ಬಂದಳು. ಕೈಯಳತೆಯಲ್ಲಿ ನಿಂತಳು. ಮೂಗಿನ ಹೊಳ್ಳೆ ಅರಳಿಸಿ ಒಮ್ಮೆ ಉಸಿರೆಳೆದುಕೊಂಡು, ಅವರನ್ನೂ ಕಲ್ಲನ್ನೂ ಮರವನ್ನೂ ಬಳಸಿ, ದುಂಡಗೆ ಸುತ್ತಿ ಆಚೆ ಹೋದಳು. ಮತ್ತೆ ಕರೆದರು. ಮತ್ತೆ ಹಾಗೇ.

ನಾನು ಬಕೆಟ್ ಎಸೆದು ಕೋಲು ಎತ್ತಿಕೊಂಡೆ.

"ಹೊಡೀಬೇಡ. ಹೇಳ್ದೆ ಕೇಳ್ದೆ ಹೋಗೋದಕ್ಕಿಂತ ಇದೇ ವಾಸಿ." ಕೂತಲ್ಲಿಂದಲೇ ಬಗ್ಗಿ, ಚೆಲ್ಲಿದ ಹುರುಳಿಯನ್ನು ಬಕೆಟ್ಟಿಗೆ ತುಂಬಿದರು. "ನಾನು ಹೋದ್ಮೇಲೆ ಇವಳನ್ನ ಕಟುಕರಿಗೆ ಕೊಡಿ ಅಂತಾರೆ. ನೀನು ಕಟ್ಕೋತೀಯಾ?"

ಮಾರಿಬಿಡಿ ಎಂದವಳು ನಾನು. "ಹೂಂ ದೊಡ್ಡಪ್ಪ" ಎಂದೆ. ಅಳು ತಡೆಯಲಾಗಲಿಲ್ಲ.

ಉಳಿದ ದಿನಗಳಲ್ಲಿ ಅವರು ಡಾಕ್ಟರ ಹತ್ತಿರ ಬರಲೊಪ್ಪಲಿಲ್ಲ. ಕೂತಲ್ಲಿಂದಲೇ ನನಗೆ ಕುದುರೆ ಕರೆಯುವುದನ್ನು ಕಲಿಸಿದರು. "ಕೂಗ್ಬೇಡ್ವೇ, ಕರಿ. ಸಂತೇಲಿ ಟೊಮ್ಯಾಟೊ ಮಾರ್ತಿದ್ದೀಯಾ?" ಎಂದು ಬೈದರು. ಅವಳು ನನ್ನ ಹೆಗಲ ಮೇಲೆ ಮೊದಲ ಸಲ ಮೂತಿ ಇಟ್ಟದ್ದನ್ನು ನೋಡಿ ನಕ್ಕರು, ಆ ಅರ್ಧ ಕಿವಿಯನ್ನು ಉಜ್ಜಿಕೊಂಡರು. ಆ ವಾರವೇ, ರಾಗಿ ಅಂಬಲಿ ಕುಡಿದು ಒರಗಿದವರು ಏಳಲಿಲ್ಲ.

ಅವಳೀಗ ನನ್ನ ಕೊಟ್ಟಿಗೆಯಲ್ಲಿದ್ದಾಳೆ. ಹೊಂಗೆ ಕೆಳಗಿನ ಆ ಕಲ್ಲನ್ನು ಇವತ್ತಿಗೂ ಬಳಸಿಯೇ ನಡೆಯುತ್ತಾಳೆ, ನಾನೂ. ಹೆದರಿಕೆಯಾಗಲ್ವೇ ಎಂದು ಕೇಳುತ್ತಾರೆ. ಆಗುತ್ತದೆ, ದಿನಾ ಆಗುತ್ತದೆ. ಆದರೆ ಒಂದು ಜೀವ ಹತ್ತಿರ ಬಂದು ಮೈಗೆ ತಾಗುವುದು ಎಷ್ಟು ದೊಡ್ಡದು ಎಂದು ದೊಡ್ಡಪ್ಪ ತೋರಿಸಿಕೊಡದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ.

ಇವತ್ತು ಬೆಳಗ್ಗೆಯೂ ಹುರುಳಿ ಹಿಡಿದು ನಿಂತು, ಮೆತ್ತಗೆ ಕರೆದೆ. ಬಂದವಳು ಕೈಯಳತೆಯಲ್ಲಿ ನಿಂತಳು. ನನ್ನ ಉಸಿರೂ ನಿಂತಿತು. ಆಮೇಲೆ ಒಂದು ಹೆಜ್ಜೆ ಮುಂದೆ ಬಂದು, ಒದ್ದೆ ಮೂತಿಯನ್ನು ನನ್ನ ಹೆಗಲ ಮೇಲೆ ಇಟ್ಟಳು. ಇವತ್ತಿನ ದಿನ ನನ್ನದು ಎಂದುಕೊಂಡು ಸೊಪ್ಪು ಕೊಯ್ಯಲು ಹೋದೆ.