ತಿಪ್ಪಕ್ಕನ ಕೆಂಪು ಪಟ್ಟಿ

ಚಿತ್ತವಾಡ್ಗಿಯಲ್ಲಿ ಕೌದಿ ಹೊಲಿಯೋರು ಬೇಕಾದಷ್ಟು ಜನ ಇದ್ದಾರೆ. ಆದರೆ ನಟ್ಟನಡುವೆ ಮೊಳದುದ್ದದ ಕೆಂಪು ಪಟ್ಟಿ ಕೂರಿಸಿದ ಕೌದಿ ಬೇಕಂದ್ರೆ ತಿಪ್ಪಕ್ಕನ ಮನೆಗೇ ಹೋಗಬೇಕು. ಹಳೇ ಸೀರೆಗಳ ಗಂಟು ತೊಡೆಯ ಮೇಲಿಟ್ಟುಕೊಂಡು ಕಮಲಾಪುರದಿಂದ ಬಸ್ಸಿಗೆ ಬರೋರೂ ಇದ್ದಾರೆ. ಆ ಪಟ್ಟಿ ಇದ್ರೆ ಬಾಣಂತಿಗೆ ಒಳ್ಳೇದು, ಕೂಸಿಗೆ ದೃಷ್ಟಿ ತಾಗಲ್ಲ ಅಂತ ಯಾರೋ ಹುಟ್ಟಿಸಿದ ಮಾತು. ತಿಪ್ಪಕ್ಕ ಅದಕ್ಕೆ ಹೂಂ ಅನ್ನೋದಿಲ್ಲ, ಊಹೂಂ ಅನ್ನೋದೂ ಇಲ್ಲ. ಬಾಯಲ್ಲಿ ದಾರ ಕಚ್ಚಿಕೊಂಡು ಹೊಲೀತಾ ಇರ್ತಾಳೆ. ಆ ಪಟ್ಟಿ ಯಾಕೆ ಹುಟ್ಟಿತು ಅನ್ನೋದು ಅವಳೊಬ್ಬಳಿಗೇ ಗೊತ್ತಿತ್ತು.

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಮಗಳು ಸುಕನ್ಯಾ ಇನ್ನೂ ತಿಪ್ಪಕ್ಕನ ಹೊಟ್ಟೆಯಲ್ಲಿ ಮೂರು ತಿಂಗಳ ಕೂಸು. ಮಟಮಟ ಮಧ್ಯಾಹ್ನ ತಿಪ್ಪಕ್ಕ ಜ್ವರದಲ್ಲಿ ನಡುಗುತ್ತಾ, ತನ್ನ ತಾಯಿ ಹೊಲಿದುಕೊಟ್ಟ ಆರು ಪದರದ ಕೌದಿ ಹೊದ್ದು ಮಲಗಿದ್ದಳು. ಒಲೆ ಹಚ್ಚಿರಲಿಲ್ಲ. ಗಂಡ ಓಬಳಪ್ಪ ಕಬ್ಬು ಕಡಿದು ಬಂದ, ಕುಡಿದೇ ಬಂದ. ಗಡಿಗೆ ಮುಚ್ಚಳ ತೆಗೆದು ನೋಡಿದ, ಖಾಲಿ. ಗಡಿಗೆ ಗೋಡೆಗೆ ಹೋಗಿ ಚೂರಾಯಿತು. "ರಾಣಿ ಮಲಗ್ಯಾಳ" ಅಂದವನೇ ಕೈಯಲ್ಲಿದ್ದ ಮಚ್ಚು ಬೀಸಿದ. ಹೆದರಿಸೋಕೆ ಬೀಸಿದೆ ಅಂತ ಆಮೇಲೆ ಹೇಳಿದ. ಅವನ ಬಾಯಿಗೆ ಮಣ್ಣು ಬೀಳಲಿ, ಹೆದರಿಸೋ ಮಚ್ಚು ಆರು ಪದರ ಸೀಳಿ ತೊಡೆಯ ಮಾಂಸಕ್ಕೆ ಇಳೀತದೇನು? ಕೌದಿ ಒಂಚೂರು ತೆಳ್ಳಗಿದ್ದಿದ್ರೆ ಅವತ್ತೇ ತಾಯಿ ಮಗಳು ಇಬ್ಬರದೂ ಕಥೆ ಮುಗೀತಿತ್ತು.

ಮೂರನೇ ದಿನ ಓಣಿಯ ಹಿರಿಯರು ನ್ಯಾಯ ಮಾಡೋಕೆ ಬರ್ತೀವಿ ಅಂದರು. ಮನೆಗೆ ಬಂದ ಹಿರಿಯರಿಗೆ ಕೌದಿ ಹಾಸಿ ಕೂರಿಸೋದು ರೀತಿ. ಮನೆಯಲ್ಲಿದ್ದದ್ದು ಅದೊಂದೇ ಕೌದಿ. ಕಡಿದ ಕೌದಿ ಹಾಸಿದ್ರೆ ಮರ್ಯಾದೆ ಹೋಗುತ್ತೆ ಅಂತ, ಯಾರ ಮರ್ಯಾದೆಯೋ ಏನೋ, ತಿಪ್ಪಕ್ಕ ತೊಡೆಗೆ ಅರಿಶಿನ ಮೆತ್ತಿಕೊಂಡು ತನ್ನ ಮದುವೆ ಸೀರೆಯ ಸೆರಗು ಹರಿದಳು. ಸೀಳಿನ ಮೇಲೆ ಪಟ್ಟಿ ಕೂರಿಸಿದಳು. ರಕ್ತ ಹತ್ತಿದ ಅಡಿಯ ಮಗ್ಗುಲಿಗೆ ಇನ್ನೊಂದು ಅರಿವೆ ಹೊಲಿದಳು. ಅಕ್ಕಿ ಗಿರಣಿಯ ಸಾವ್ಕಾರ ಉಜ್ಜಿನಪ್ಪ ಬಂದು ಸರಿಯಾಗಿ ಆ ಪಟ್ಟಿಯ ಮೇಲೆಯೇ ಚಕ್ಕಂಬಕ್ಕಳ ಹಾಕಿ ಕುಂತ. "ಗಂಡಸು ಅಂದಮ್ಯಾಲ ಸಿಟ್ಟು ಇರತೈತಿ. ಹೊಂದಿಕೊಂಡು ಹೋಗವ್ವ" ಅಂತ ನ್ಯಾಯ ಹೇಳಿದ. ಏಳುವಾಗ ಪಟ್ಟಿ ಸವರಿ, "ಭಾಳ ಚಂದ ಹೊಲಿದೀಯಲ್ಲ, ನಮ್ಮನಿಗೂ ಇಂಥದೊಂದು ಹೊಲಿದುಕೊಡು" ಅಂದ. ತಿಪ್ಪಕ್ಕನ ಕಸುಬು ಶುರುವಾದದ್ದು ಹೀಗೆ.

ಮಗಳಿಗೆ ಎರಡು ವರ್ಷ ತುಂಬೋದರೊಳಗೆ ಓಬಳಪ್ಪ ಕುಡಿದು ಕಾಲುವೆಗೆ ಬಿದ್ದು ಸತ್ತ. ಕುಡುಕನ ಮಗಳನ್ನ ಯಾರು ಮಾಡಿಕೊಳ್ತಾರೆ ಅನ್ನೋ ಅಂಜಿಕೆ ತಿಪ್ಪಕ್ಕನಿಗೆ. ಫೋಟೋಕ್ಕೆ ಹಾರ ಹಾಕಿ, "ನಿಮ್ಮಪ್ಪ ದೇವರಂಥ ಮನುಷ್ಯ, ಒಂದಿನಾ ನನಗ ಲೇ ಅಂದಾಂವಲ್ಲ" ಅಂತ ಮಗಳಿಗೆ ಹೇಳಿದಳು. ಹೇಳಿ ಹೇಳಿ ಅವಳಿಗೇ ಅರ್ಧ ನಂಬಿಕೆ ಬಂದುಬಿಟ್ಟಿತ್ತು. ತೊಡೆಯ ಗಾಯದ ಗುರುತಿಗೆ ಮುಳ್ಳುತಂತಿ ಗೀರಿತ್ತು ಅಂತ ಇನ್ನೊಂದು ಸುಳ್ಳು.

ಈಗ ಸುಕನ್ಯಾ ಬಾಣಂತನಕ್ಕೆ ಬಂದಿದ್ದಳು. ಗಂಡ ರಾಯಣ್ಣ ಬುಕ್ಕಸಾಗರದವನು, ಸಂಡೂರಿನಲ್ಲಿ ಅದಿರಿನ ಟಿಪ್ಪರ್ ಓಡಿಸ್ತಾನೆ. ಹೆಣ್ಣು ಕೂಸಿಗೆ ಐದು ತಿಂಗಳು. ಐತಾರ ಬಂದು ಕರ್ಕೊಂಡು ಹೋಗ್ತೀನಿ ಅಂದಿದ್ದ. ಕೂಸಿನ ಜೊತೆ ತವರಿನ ಕೌದಿ ಹೋಗಬೇಕು. ಅಜ್ಜಿ ಹೊಲಿದ ಆ ಹಳೇ ಕೆಂಪು ಪಟ್ಟಿಯ ಕೌದಿಯನ್ನೇ ಬಿಚ್ಚಿ ಚಿಕ್ಕದು ಮಾಡೋಣ ಅಂತ ಸುಕನ್ಯಾ ಹಟ ಹಿಡಿದಳು. ಮಗಳ ಎಡಗೈ ಕಿರುಬೆರಳು ಸೊಟ್ಟಗಾಗಿದ್ದು ತಿಪ್ಪಕ್ಕನ ಕಣ್ಣಿಗೆ ಮೊದಲ ದಿನವೇ ಬಿದ್ದಿತ್ತು. "ಟಿಪ್ಪರ್ ಬಾಗಿಲಿಗೆ ಸಿಕ್ಕೊಂತವ್ವ" ಅಂದಿದ್ದಳು ಮಗಳು. ಮುಳ್ಳುತಂತಿಯ ಸುಳ್ಳು ಹೇಳಿದವಳಿಗೆ ಬಾಗಿಲಿನ ಸುಳ್ಳು ತಿಳೀಲಿಲ್ಲ ಅಂತೀರೇನು? ತಿಳೀತು. ತಿಳಿದೂ ಬಾಯಿ ಮುಚ್ಚಿಕೊಂಡು ಬುತ್ತಿಗೆ ಉಂಡಿ ಕಟ್ಟೋಕೆ ಬೆಲ್ಲ ತರಿಸಿದಳು. ಮೈಯೆಲ್ಲ ಉರಿಯೋದು ಇಂಥದಕ್ಕೇ.

ಶುಕ್ರವಾರ ಬೆಳಗ್ಗೆ ಸುಕನ್ಯಾ ಬ್ಲೇಡು ಹಿಡಿದು ಬಿಚ್ಚೋಕೆ ಕುಂತಳು.

"ಅಂಚಿನಿಂದ ಬಿಚ್ಚು. ಆ ಕೆಂಪು ಪಟ್ಟಿ ಮುಟ್ಟಬ್ಯಾಡ" ಅಂದಳು ತಿಪ್ಪಕ್ಕ.

"ಪಟ್ಟಿ ಬಿಚ್ಚದ ಪದರ ಹೆಂಗ ಬರ್ತಾವವ್ವ?"

ಸುಕನ್ಯಾ ಬ್ಲೇಡಿನಿಂದ ಹೊಲಿಗೆ ಕಿತ್ತಳು. ಪಟ್ಟಿ ಬಂತು. ಅಡಿಯಲ್ಲಿ ನೆಟ್ಟಗೆ ಗೆರೆ ಎಳೆದ ಹಾಗೆ ಸೀಳು. ಎರಡನೇ ಪದರ ಎತ್ತಿದಳು, ಅಲ್ಲೇ ಸೀಳು. ಮೂರು, ನಾಲ್ಕು, ಐದು. ಆರನೇ ಪದರದಲ್ಲಿ ಸೀಳಿನ ಸುತ್ತ ಅಂಗೈ ಅಗಲದ ಕಂದು ಕಲೆ. ಸುಕನ್ಯಾ ಬ್ಲೇಡು ಕೆಳಗಿಟ್ಟು ತಾಯಿಯ ತೊಡೆಯನ್ನೇ ನೋಡಿದಳು.

"ಯಾರು ಹೊಡೆದದ್ದು?"

"ನಿಮ್ಮಪ್ಪ."

ಮಚ್ಚು, ಗಡಿಗೆ, ಸಾವ್ಕಾರನ ನ್ಯಾಯ, ಎಲ್ಲಾ ಹೇಳಿದಳು. ಕೇಳಿ ಮುಗಿಸಿದ ಸುಕನ್ಯಾ ತನ್ನ ಎಡಗೈ ಮುಂದೆ ಹಿಡಿದಳು.

"ನನ್ನ ಬೆರಳು ಆಂವ ತಿರುವಿ ಮುರಿದ. ಮದುವಿ ಆಗಿ ಒಂದು ತಿಂಗಳಾಗಿತ್ತು" ಅಂದಳು. "ಅವತ್ತೇ ಬಂದುಬಿಡ್ತಿದ್ದೆ. ನಮ್ಮಪ್ಪ ನಮ್ಮವ್ವಗ ಒಂದಿನಾ ಲೇ ಅಂದಿಲ್ಲ, ಅಂದ್ರ ಗಂಡಸರು ಹಂಗಲ್ಲ, ತಪ್ಪು ನಂದ ಇರಬೇಕು ಅಂದ್ಕೊಂಡೆ. ಎರಡು ವರ್ಷ ಹಂಗೇ ಅಂದ್ಕೊಂಡು ಏಟು ತಿಂದೆನವ್ವ."

ಈ ಮಾತು ಇಳಿದಷ್ಟು ಆಳಕ್ಕೆ ತಿಪ್ಪಕ್ಕನಿಗೆ ಓಬಳಪ್ಪನ ಮಚ್ಚೂ ಇಳಿದಿರಲಿಲ್ಲ. ಎದ್ದು ಹೋಗಿ ಬುತ್ತಿಗೆ ಅಂತ ಕಟ್ಟಿದ್ದ ಉಂಡಿಯನ್ನೆಲ್ಲ ಓಣಿಯ ಹುಡುಗರಿಗೆ ಹಂಚಿ ಬಂದಳು.

ರಾಯಣ್ಣ ಒಂದು ದಿನ ಮುಂಚೆಯೇ, ಶನಿವಾರ ಮಧ್ಯಾಹ್ನ ಬಂದ. ಬಾಯಿ ವಾಸನೆ ಹೊಡೀತಿತ್ತು. ಅಭ್ಯಾಸಬಲ, ತಿಪ್ಪಕ್ಕ "ಬರ್ರಿ, ಕುಂದ್ರಿ" ಅಂದಳು.

"ಕುಂದ್ರಾಕ ಬಂದಿಲ್ಲ ಅತ್ತಿ. ಜಲ್ದಿ ಹೊರಡಾಕ ಹೇಳು."

"ನಾ ಬರಾಂಗಿಲ್ಲ" ಅಂದಳು ಸುಕನ್ಯಾ, ಕೂಸನ್ನ ಚಾಪೆಯ ಮೇಲೆ ಮಲಗಿಸುತ್ತಾ.

ರಾಯಣ್ಣ ನಕ್ಕ. ನಗ್ತಾನೇ ಜಡೆಗೆ ಕೈ ಹಾಕಿ ಅವಳ ತಲೆಯನ್ನ ಬಾಗಿಲ ಚೌಕಟ್ಟಿಗೆ ಗುದ್ದಿದ. ಒಂದು ಸಲ, ಎರಡು ಸಲ. ಹಣೆ ಒಡೆದು ರಕ್ತ ಕಣ್ಣಿಗೆ ಇಳೀತು. ಕೂಸು ಕಿರುಚಿಕೊಂಡಿತು. ಮೂರನೇ ಸಲ ಗುದ್ದೋದರೊಳಗೆ ತಿಪ್ಪಕ್ಕ ದಬ್ಬಣ ತಗೊಂಡು ಅವನ ಮುಂಗೈಗೆ ಇಳಿಸಿದಳು, ದಪ್ಪ ಕೌದಿಗೆ ಇಳಿಸಿದ ಹಾಗೆ, ಈ ಕಡೆಯಿಂದ ಆ ಕಡೆಗೆ.

"ಬಿಡಲೇ ನನ್ನ ಮಗಳನ್ನ" ಅಂದಳು.

ಅವನು ಜಡೆ ಬಿಟ್ಟ. ಬಿಟ್ಟವನು ಅತ್ತೆಯ ಪಕ್ಕೆಗೆ ಒದ್ದ. ತಿಪ್ಪಕ್ಕ ಗೋಡೆಗೆ ಬಿದ್ದಳು, ಓಬಳಪ್ಪನ ಫೋಟೋ ಕಳಚಿ ಬಿದ್ದು ಗಾಜು ಪುಡಿಯಾಯಿತು. ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ಖಾರ ಕುಟ್ಟುತ್ತಿದ್ದ ವಿರುಪಮ್ಮ ಒನಕೆ ಸಮೇತ ಬಾಗಿಲಲ್ಲಿ ನಿಂತಿದ್ದಳು, ಅವಳ ಹಿಂದೆ ಇನ್ನೂ ನಾಲ್ಕು ಜನ. ರಾಯಣ್ಣ ದಬ್ಬಣ ಕಿತ್ತು ಬಿಸಾಕಿದ. "ನಾಳೆ ಹಿರೇರನ್ನ ಕರ್ಕೊಂಡು ಬರ್ತೀನಿ. ಕೂಸು ನಂದು, ಹೆಂಡ್ತಿ ನಂದು" ಅಂತ ಹೋದ.

ಐತಾರ ಬಂದರು, ರಾಯಣ್ಣನೂ ಸೇರಿ ಐದು ಜನ. ಎಂಬತ್ತು ದಾಟಿದ ಉಜ್ಜಿನಪ್ಪ ಕೋಲೂರಿಕೊಂಡು ಮುಂದೆ. ಮನೆಯ ಕೌದಿ ಬಿಚ್ಚಿತ್ತಲ್ಲ, ಹಾಸೋಕೆ ಇನ್ನೊಂದು ಕೇಳೋಣ ಅಂತ ತಿಪ್ಪಕ್ಕ ವಿರುಪಮ್ಮನ ಮನೆ ಕಡೆ ತಿರುಗಿದಳು. ಹಣೆಗೆ ಬಟ್ಟೆ ಕಟ್ಟಿಕೊಂಡಿದ್ದ ಸುಕನ್ಯಾ ತಾಯಿಯ ಕೈ ಹಿಡಿದು ನಿಲ್ಲಿಸಿದಳು. ಬಿಚ್ಚಿದ ಆರೂ ಪದರ ತಂದು ಪಡಸಾಲೆಯಲ್ಲಿ ಸಾಲಾಗಿ ಹಾಸಿದಳು. ಆರು ಸೀಳು, ಕಡೆಯದರಲ್ಲಿ ಕಲೆ.

"ಕುಂದ್ರಿ" ಅಂದಳು.

ಯಾರೂ ಕುಂದ್ರಲಿಲ್ಲ. ತಿಪ್ಪಕ್ಕ ಪಕ್ಕೆ ಹಿಡಿದುಕೊಂಡು ಮುಂದೆ ಬಂದಳು.

"ಅವತ್ತು ಕುಂತಿದ್ರಲ್ಲ ಸಾವ್ಕಾರ್ರ, ಅಲ್ಲೇ ಕುಂದ್ರಿ. ಅವತ್ತು ಮ್ಯಾಲೊಂದು ಪಟ್ಟಿ ಇತ್ತು, ಅಷ್ಟ." ಐದು ಗಂಡಸರ ಎದುರಿಗೆ ಸೀರೆ ಮೇಲೆತ್ತಿ ತೊಡೆ ತೋರಿಸಿದಳು. "ಆ ಪಟ್ಟಿ ಇದಕ್ಕ ಹಾಕಿದ್ದು."

ಉಜ್ಜಿನಪ್ಪ ಸೀಳು ನೋಡಿದ, ತೊಡೆ ನೋಡಿದ, ಸುಕನ್ಯಾಳ ಹಣೆ ನೋಡಿದ.

"ಏನಾರ ಹೇಳ್ರಿ ಅಜ್ಜಾರ" ಅಂದ ರಾಯಣ್ಣ, ಕಟ್ಟು ಹಾಕಿದ ಕೈ ಮುಂದೆ ಮಾಡಿ.

"ನಾ ಮೂರು ಹೆಣ್ಣುಮಕ್ಕಳಿಗೆ ಇದ ಪಟ್ಟಿ ಹಾಕಿಸಿದ ಕೌದಿ ಕೊಟ್ಟು ಗಂಡನ ಮನಿಗೆ ಕಳಿಸೀನಿ" ಅಂದ ಮುದುಕ. ಹೇಳಿದ್ದು ರಾಯಣ್ಣನಿಗಲ್ಲ. "ಒಬ್ಬಾಕಿನ್ನೂ ಹೆಂಗದೀ ಅಂತ ಕೇಳಿಲ್ಲ." ತಿರುಗಿ ಹೊರಗೆ ನಡೆದ. ಉಳಿದವರೂ ಅವನ ಹಿಂದೆ ಹೋದರು. ರಾಯಣ್ಣ ಒಂದು ಗಳಿಗೆ ಒಬ್ಬನೇ ನಿಂತಿದ್ದ. ಬಾಗಿಲಲ್ಲಿ ವಿರುಪಮ್ಮನ ಒನಕೆ ಕಂಡು ಅವನೂ ಹೋದ.

ಸುಕನ್ಯಾ ಪದರಗಳನ್ನ ಮತ್ತೆ ಒಂದರ ಮೇಲೊಂದು ಇಟ್ಟಳು. ತಿಪ್ಪಕ್ಕ ಸೂಜಿಗೆ ದಾರ ಏರಿಸಿದಳು.

"ಸೀಳು ಇರೋ ಭಾಗ ಕತ್ತರಿಸಿ ತೆಗೀಲೇನು?"

"ಬ್ಯಾಡವ್ವ, ಕಾಣಂಗ ಇರಲಿ" ಅಂದಳು ಮಗಳು. "ಕೂಸು ದೊಡ್ಡಾಕಿ ಆದಮ್ಯಾಲ ಏನಿದು ಅಂತ ಕೇಳ್ತಾಳ. ನೀನ ಹೇಳು."