ಬದುಕಿರುವವರ ಪ್ರಾರ್ಥನೆಯಲ್ಲಿ

ಮೇಟ್ರನ್ ಅವರ ಮೂಗಿನ ತುದಿ ವರ್ಷವಿಡೀ ಸುಲಿಯುತ್ತಿತ್ತು. ಕುವೈತಿನ ಬಿಸಿಲಿಗೆ ಹೇಳಿ ಮಾಡಿಸಿದ ಚರ್ಮವಲ್ಲ ಅದು. ಮೂಗಿಗೆ ಬಿಳಿ ಮುಲಾಮು ಬಳಿದುಕೊಂಡು ಅವರು ವಾರ್ಡಿಗೆ ಬಂದರೆ ನಮ್ಮ ತಾತನ ಹಣೆಯ ನಾಮ ಜಾರಿ ಕೆಳಗಿಳಿದಂತೆ ಕಾಣುತ್ತಿತ್ತು. ಒಮ್ಮೆ ಹಾಗೆಂದು ಹೇಳಿಯೂಬಿಟ್ಟೆ. ನಾಮವೆಂದರೇನೆಂದು ಇಂಗ್ಲಿಷಿನಲ್ಲಿ ವಿವರಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಅರ್ಥವಾದ ಮೇಲೆ ಅವರು ನಕ್ಕ ನಗು ಕಾರಿಡಾರಿನ ಆ ತುದಿಗೂ ಕೇಳಿಸಿತು.

ಎಪ್ಪತ್ತರ ದಶಕದ ಕೊನೆ ಅದು. ನಾನು ಅವರ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಬ್ನೇದ್ ಅಲ್ ಗಾರ್‌ನಲ್ಲಿ ನಮ್ಮ ಮನೆಯ ಎದುರು ಬಾಗಿಲು ಅವರದು. ಮೈಸೂರಿನಿಂದ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ದೂಳುಗಾಳಿ ಎದ್ದು ಆಕಾಶವೆಲ್ಲ ಕೆಂಪಾಯಿತು. ಪ್ರಳಯವೇ ಬಂತೆಂದು ಮನೆಯಲ್ಲಿ ಒಬ್ಬಳೇ ಅಳುತ್ತ ಕೂತಿದ್ದೆ. ಬಾಗಿಲು ಬಡಿದ ಸದ್ದಾಯಿತು. ಒದ್ದೆ ಟವೆಲುಗಳನ್ನು ಹೆಗಲ ಮೇಲೆ ಹಾಕಿಕೊಂಡು ಮೇಟ್ರನ್ ನಿಂತಿದ್ದರು. "ಅಳೋದು ಆಮೇಲೆ. ಮೊದಲು ಕಿಟಕಿ ಸಂದಿ ಮುಚ್ಚೋಣ. ಯಲ್ಲಾ, ಬೇಗ!" ಅಂದರು. ನಮ್ಮ ಸ್ನೇಹ ಶುರುವಾದದ್ದು ಅಲ್ಲಿಂದ.

ಅವರು ಐರ್ಲೆಂಡಿನವರು. ಮದುವೆಯಾಗಿರಲಿಲ್ಲ. ಶುಕ್ರವಾರ ರಜೆ. ಬೆಳಿಗ್ಗೆ ಚರ್ಚಿಗೆ ಹೋಗಿ ಬಂದು, ಮಧ್ಯಾಹ್ನವೆಲ್ಲ ಮೇಜಿನ ಮುಂದೆ ಕೂತು ಅಮೆರಿಕಕ್ಕೆ ಕಾಗದ ಬರೆಯುತ್ತಿದ್ದರು. ಅಷ್ಟೊಂದು ಯಾರಿಗೆ ಬರೆಯುತ್ತೀರಿ ಎಂದು ಕೇಳಿದೆ. "ದೊಡ್ಡಮ್ಮನನ್ನ ಹುಡುಕ್ತಿದೀನಿ" ಎಂದರು.

ಅವರ ತಾಯಿ ಐದಾರು ವರ್ಷದ ಮಗುವಾಗಿದ್ದಾಗ, ಹದಿನೆಂಟರ ಅಕ್ಕ ಅಮೆರಿಕಕ್ಕೆ ಹಡಗು ಹತ್ತಿದಳಂತೆ. ಹಾಗೆ ಹೋದವರು ಆಗೆಲ್ಲ ಮತ್ತೆ ಬರುತ್ತಿರಲಿಲ್ಲ. ಅದಕ್ಕೇ ಅವರಲ್ಲಿ ಒಂದು ಪದ್ಧತಿ. ಹೊರಡುವ ಹಿಂದಿನ ರಾತ್ರಿ ನೆಂಟರಿಷ್ಟರೆಲ್ಲ ಸೇರಿ, ಸತ್ತವರ ಮನೆಯಲ್ಲಿ ಕೂರುವ ಹಾಗೆ ಬೆಳಗಿನವರೆಗೂ ಕೂರುತ್ತಾರೆ. ಕುಡಿಯುತ್ತಾರೆ, ಹಾಡುತ್ತಾರೆ, ಕೊನೆಗೆ ಹೆಂಗಸರು ಸೇರಿ ಹೆಣದ ಮುಂದೆ ಅತ್ತಂತೆ ಅಳುತ್ತಾರೆ. ವೇಕ್ ಎನ್ನುತ್ತಾರೆ ಅದಕ್ಕೆ. ಅಷ್ಟೂ ಹೊತ್ತು ಆ ಹುಡುಗಿ ಪುಟ್ಟ ತಂಗಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಡುವೆ ಕೂತಿದ್ದಳಂತೆ. ಮಗು ಎದ್ದು ನೋಡಿದರೆ ಅಕ್ಕ ಇಲ್ಲ.

ಮೊದಮೊದಲು ಕೆಲವು ಕಾಗದ ಬಂದು, ಆಮೇಲೆ ನಿಂತುಹೋದವು. ಒಮ್ಮೆ ಅತ್ತು ಮುಗಿಸಿದ್ದ ಮನೆಯವರು ಮತ್ತೆ ಹುಡುಕಲಿಲ್ಲ. ಸತ್ತವರ ಪ್ರಾರ್ಥನೆಯಲ್ಲಿ ಅವಳ ಹೆಸರನ್ನು ಸೇರಿಸಿಬಿಟ್ಟರು. ಆ ತಂಗಿಗೆ, ಅಂದರೆ ಮೇಟ್ರನ್ ಅವರ ತಾಯಿಗೆ, ಮಾತ್ರ ಒಪ್ಪಿಗೆಯಾಗಲಿಲ್ಲ. ಬದುಕಿರುವವರಿಗೊಂದು ಪ್ರಾರ್ಥನೆ, ಸತ್ತವರಿಗೊಂದು. ನನ್ನ ಅಕ್ಕನಿಗೆ ಯಾವುದು ಹೇಳಲಿ? ನಾನು ಕಣ್ಣು ಮುಚ್ಚುವುದರೊಳಗೆ ತಿಳಿಸು ಎಂದು ಮಗಳಿಂದ ಮಾತು ತೆಗೆದುಕೊಂಡಿದ್ದರು.

"ನಮ್ಮೋರೇ ವಾಸಿ" ಎಂದು ನಾನು ಬೀಗಿದೆ. ನಮ್ಮ ತಾತನ ತಮ್ಮ ರಂಗೂನಿಗೆ ಹೋಗಿ ಕಾಣೆಯಾದವರು. ಹನ್ನೆರಡು ವರ್ಷ ಕಾದು, ದರ್ಭೆಯಲ್ಲಿ ಗೊಂಬೆ ಮಾಡಿ ಅವರ ಸಂಸ್ಕಾರ ಮುಗಿಸಿದ್ದರು. "ನಾವು ಹನ್ನೆರಡು ವರ್ಷವಾದ್ರೂ ಕಾಯ್ತೀವಿ, ಮೇಟ್ರನ್. ನೀವು ಹೊಸ್ತಿಲು ದಾಟೋ ಮುಂಚೇನೇ ಮುಗಿಸಿಬಿಡ್ತೀರಲ್ಲ!"

"ಆ ಹನ್ನೆರಡು ವರ್ಷದಲ್ಲಿ ಯಾರಾದ್ರೂ ಹುಡುಕಿಕೊಂಡು ಹೋದ್ರಾ?"

ಇಲ್ಲವೆಂದು ಒಪ್ಪಿಕೊಂಡೆ. ಅವರು ನಮ್ಮ ಚಿಕ್ಕತಾತನ ಹೆಸರನ್ನು ಎರಡು ಸಲ ಹೇಳಿಸಿಕೊಂಡು ಬಾಯಿಪಾಠ ಮಾಡಿದರು. "ನನ್ನ ಪ್ರಾರ್ಥನೇಲಿ ಸೇರಿಸ್ಕೊಳ್ತೀನಿ, ಬದುಕಿರೋರ ಜೊತೆ" ಎಂದರು.

ಹುಡುಕುವುದೇನು ಸುಲಭವೇ? ನಮ್ಮ ಹಾಗೆಯೇ ಅವರಲ್ಲೂ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುತ್ತಾರೆ. ಇಡೀ ಸೀಮೆಗೆ ನಾಲ್ಕೇ ಹೆಸರು, ಅದನ್ನೇ ತಿರುಗಿಸಿ ಮುರುಗಿಸಿ ಇಟ್ಟುಕೊಂಡಿದ್ದರು. ಅಮೆರಿಕದ ಒಂದೊಂದು ಚರ್ಚಿನವರೂ ಆ ಹೆಸರಿನವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ನಿಮಗೆ ಬೇಕಾದವಳು ಯಾರು ಎಂದು ಕೇಳುತ್ತಿದ್ದರು. ಮದುವೆಯಾದ ಹೆಂಗಸಿಗೆ ತವರಿನ ಮನೆತನದ ಹೆಸರೂ ಉಳಿಯುವುದಿಲ್ಲ. ಇವರ ಊರಿನವಳೆಂದೇ ಹೇಳಿಕೊಳ್ಳುವ ಒಬ್ಬ ಮುದುಕಿಯ ಸುಳಿವು ಸಿಕ್ಕಾಗ ಮೇಟ್ರನ್ ಇಡೀ ವಾರ್ಡಿಗೆ ಕೇಕ್ ಹಂಚಿದರು. ಮುಂದಿನ ತಿಂಗಳು ನಮ್ಮ ಅಡುಗೆಮನೆಗೆ ಬಂದು, "ಆಕೆಗೆ ತಂಗೀನೇ ಇರ್ಲಿಲ್ಲವಂತೆ. ಖಲಾಸ್" ಎಂದು ಸ್ಟೂಲಿನ ಮೇಲೆ ಕುಸಿದರು. ನಾನು ಕಾಫಿ ಕೊಟ್ಟೆ. ಮತ್ತೇನು ಕೊಡಲು ಸಾಧ್ಯವಿತ್ತು?

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅವರ ತಾಯಿ ಊರಿನಲ್ಲಿ ಹಾಸಿಗೆ ಹಿಡಿದರು. ಮೇಟ್ರನ್ ಅವರ ಪಾಸ್‌ಪೋರ್ಟ್ ಕೆಲಸಕ್ಕೆ ಜಾಮೀನು ನಿಂತ ಕಫೀಲನ ಕಪಾಟಿನಲ್ಲಿ, ಕಫೀಲ್ ಪರದೇಶದಲ್ಲಿ. ಅವನು ಬಂದು ಸಹಿ ಹಾಕುವವರೆಗೆ ಊರಿಗೆ ಹೋಗುವಂತಿಲ್ಲ. ಆಸ್ಪತ್ರೆಯನ್ನೆಲ್ಲ ಗದರಿಸಿ ಆಳುತ್ತಿದ್ದ ಹೆಂಗಸು ಒಂದು ಸಹಿಗಾಗಿ ಆಫೀಸಿನ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದನ್ನು ನೋಡಿದೆ. ಕಡೆಗೆ ಉಳಿದದ್ದು ಟ್ರಂಕ್ ಕಾಲ್ ಒಂದೇ. ಕಾಲ್ ಸಿಕ್ಕಾಗ ನಾನು ಪಕ್ಕದಲ್ಲೇ ಇದ್ದೆ.

ತಾಯಿ ಏನು ಕೇಳಿದರೋ ನನಗೆ ಕೇಳಿಸಲಿಲ್ಲ. ಮೇಟ್ರನ್ ರಿಸೀವರಿಗೆ ಕೈ ಅಡ್ಡ ಹಿಡಿದು, "ಸಿಕ್ಕಿದಳಾ ಅಂತ ಕೇಳ್ತಿದಾರೆ" ಎಂದು ನನ್ನ ಮುಖ ನೋಡಿದರು. "ಸಿಕ್ಕಿದಳು ಅಂದ್ಬಿಡಿ, ಮೇಟ್ರನ್. ಸುಖವಾಗಿದ್ದು ಹೋದಳಂತೆ ಅನ್ನಿ" ಎಂದೆ. ಅವರು ಕೈ ತೆಗೆದರು. "ಇಲ್ಲಮ್ಮ. ಇನ್ನೂ ಹುಡುಕ್ತಿದೀನಿ" ಎಂದುಬಿಟ್ಟರು. ಸಾಯುವ ರೋಗಿಗೂ ಸುಳ್ಳು ಹೇಳದ ಬಾಯಿ ಅದು.

ಫೋನಿಟ್ಟ ಮೇಲೆ ಹೇಳಿದರು. ತಾಯಿ, "ಹೋಗಲಿ ಬಿಡು ಮಗಳೇ, ನಾನೇ ಹೋಗಿ ನೋಡ್ತೀನಿ. ಅಲ್ಲಿದ್ರೆ ಸಿಗ್ತಾಳೆ" ಎಂದಿದ್ದರಂತೆ. ಆ ವಾರವೇ ತೀರಿಕೊಂಡರು. ಸಹಿ ಆಮೇಲೆ ಬಂತು.

"ಅಲ್ಲಿ ಸಿಕ್ಕಿದಳೋ ಇಲ್ಲವೋ, ನನಗೆ ಹೇಳೋರು ಯಾರು?" ಎಂದು ಅವರು ನನ್ನನ್ನು ಕೇಳಿದ್ದು ಒಮ್ಮೆ ಮಾತ್ರ.

ಕೆಲವು ವರ್ಷಗಳ ನಂತರ ನಿವೃತ್ತರಾಗಿ ಹೊರಟರು. ಹಿಂದಿನ ಸಂಜೆ ನಮ್ಮನೆಯಲ್ಲಿ ನರ್ಸುಗಳೆಲ್ಲ ಸೇರಿದ್ದರು. ಚಿತ್ರಾನ್ನ ಬಡಿಸುತ್ತ ನನ್ನ ಕಣ್ಣು ತುಂಬಿತು. ಮೇಟ್ರನ್ ಚಮಚದಿಂದ ಮೇಜು ಕುಟ್ಟಿ ಗದರಿದರು. "ಏಯ್, ಇದು ನನ್ನ ವೇಕ್ ಅಲ್ಲ! ಒಬ್ಬರೂ ಅಳಕೂಡದು. ನಾನಿನ್ನೂ ಬದುಕಿದೀನಿ, ನೆನಪಿರಲಿ." ಅಳುವವರೂ ನಕ್ಕರು.

ಒಂದಷ್ಟು ವರ್ಷ ಕ್ರಿಸ್‌ಮಸ್ ಕಾರ್ಡು ಬಂತು. ನಾವು ಮೈಸೂರಿಗೆ ಮರಳಿದೆವು. ಕಾರ್ಡು ನಿಂತಿತು. ನಾನು ಬರೆದೆ, ಮತ್ತೆ ಬರೆದೆ, ಅವರ ಚರ್ಚಿಗೂ ಬರೆದೆ. ಏನೂ ಬರಲಿಲ್ಲ. ಇದ್ದರೆ ನೂರರ ಹತ್ತಿರ ಇರಬೇಕು. ಹನ್ನೆರಡು ವರ್ಷ ಯಾವತ್ತೋ ಕಳೆಯಿತು.

ಮಹಾಲಯ ಅಮಾವಾಸ್ಯೆಯ ತರ್ಪಣದಲ್ಲಿ ಮನೆತನದ ಹಿರಿಯರಿಗೆ ಬಿಟ್ಟಾದ ಮೇಲೆ, ತೀರಿಕೊಂಡ ಗುರುಗಳಿಗೆ, ಸ್ನೇಹಿತರಿಗೆ ಎಂದು ನೀರು ಬಿಡುವುದುಂಟು. ಈ ವರ್ಷವೂ ನಮ್ಮವರು ಎಳ್ಳು ಹಿಡಿದ ಕೈಯನ್ನು ತಡೆದು ನನ್ನತ್ತ ತಿರುಗಿದರು.

"ಮೇಟ್ರನ್ ಹೆಸರು ಹೇಳ್ಲೇನೇ?"

"ಬೇಡಿ" ಎಂದೆ. "ಬಯ್ತಾರೆ."